ಐವತ್ತು ಡಿಗ್ರಿ ಕಡಿಮೆ

ಕೊಳಕೂರಿನ ದೇವೀಂದ್ರಪ್ಪ ಜೇವರ್ಗಿಯ ಒಂದು ಕಾಲೇಜಿನಲ್ಲಿ ಪ್ರಯೋಗಾಲಯದ ಅಟೆಂಡರ್ ಆಗುವ ಮೊದಲು ಆರು ವರ್ಷ ಸ್ಲ್ಯಾಬ್ ಹಾಕುವ ಕೂಲಿ ಮಾಡಿದ್ದರು. ಕಾಂಕ್ರೀಟಿನ ಬುಟ್ಟಿ ಕೈಯಿಂದ ಕೈಗೆ ದಾಟುವ ಸಾಲಿನಲ್ಲಿ ಅವರ ಜಾಗ ಏಣಿಯ ಬುಡ. ಕಾಲು ಕದಲಿಸುವಂತಿಲ್ಲ, ಸೊಂಟ ತಿರುಗಿಸಬೇಕು, ಅಷ್ಟೇ.

ನಿವೃತ್ತಿಗೆ ಎರಡು ತಿಂಗಳಿರುವಾಗ ಸಂಶೋಧನೆ ಮಾಡುತ್ತಿದ್ದ ಉಪನ್ಯಾಸಕಿ ಸೀಮಾಳ ಕೆಲಸ ಕೆಟ್ಟು ನಿಂತಿತು. ಲಿಥಿಯಂ ಸಲ್ಫೇಟಿನ ಬಿಳಿ ಬಿಲ್ಲೆಯನ್ನು ಹಳೆಯ ವಿದ್ಯುತ್ ಕುಲುಮೆಯಲ್ಲಿ ಕಾಯಿಸಿ, ಅದರೊಳಗೆ ವಿದ್ಯುತ್ ಹರಿಯುವುದನ್ನು ಅಳೆಯುತ್ತಿದ್ದಳು. ಶನಿವಾರದೊಳಗೆ ಸರಿಯಾದ ಅಳತೆ ಸಿಗದಿದ್ದರೆ ವಿಷಯವನ್ನೇ ಬಿಡಬೇಕೆಂದು ಮಾರ್ಗದರ್ಶಕರು ಹೇಳಿದ್ದರು.

"ಇದರಾಗ ಏನ್ ಹುಡುಕಾಕತ್ತೀರಿ ಮೇಡಂ?" ದೇವೀಂದ್ರಪ್ಪ ಕೇಳಿದರು.

"ಸಲ್ಫೇಟ್ ಅಂದ್ರ ನಡುವ ಒಂದು ಗಂಧಕ, ಸುತ್ತ ನಾಕು ಆಮ್ಲಜನಕ, ಕಾಕಾ. ಹರಳಿನ್ಯಾಗ ಬಿಗಿಯಾಗಿ ಸಾಲಿಟ್ಟು ನಿಂತಾವ. ಲಿಥಿಯಂಗ ಮಿಸುಕಾಡಾಕ ಆಗಂಗಿಲ್ಲ. ಐನೂರಾ ಎಪ್ಪತ್ತೈದು ಡಿಗ್ರಿ ದಾಟಿದ್ರ ಹರಳಿನ ರಚನೆನೇ ಬದಲಾಗ್ತದ. ಸಲ್ಫೇಟ್ ನಿಂತಲ್ಲೇ ತಿರುಗಾಕ ಹತ್ತತಾವ, ಲಿಥಿಯಂ ಹರಿದಾಡ್ತದ. ಉಪ್ಪು ಕರಗಿರಂಗಿಲ್ಲ, ಗಟ್ಟಿನೇ ಇರ್ತದ."

"ನಮ್ಮ ಬುಟ್ಟಿ ಸಾಲಿನಂಗ."

"ಹಂಗೇ. ಆದ್ರ ತಿರುಗೋದೇ ಲಿಥಿಯಂನ ದೂಡ್ತದೋ, ಜಾಗಾ ಸಿಕ್ಕಿದ್ದಕ್ಕ ತಾನೇ ಹೋಗ್ತದೋ ಅಂತ ಇನ್ನೂ ವಾದ ಅದ."

"ನಮ್ಮಲ್ಲೂ ಅದೇ ಜಗಳ ಇತ್ರಿ. ಬುಟ್ಟಿ ನಾ ಕೊಟ್ಟೆನೋ, ನೀ ಕಸ್ಕೊಂಡಿಯೋ ಅಂತ."

ಸೀಮಾ ನಕ್ಕಳು. ಮರುಕ್ಷಣ ಮುಖ ಬಾಡಿತು. "ಆರುನೂರಕ್ಕ ಇಟ್ಟೀನಿ ಕಾಕಾ. ಆದ್ರೂ ಏನೂ ಆಗವಲ್ದು. ನನ್ನ ಉಪ್ಪೇ ಖರಾಬ್ ಅದ ಅನಸ್ತದ."

ದೇವೀಂದ್ರಪ್ಪ ಕುಲುಮೆಯ ಶಾಖದ ತಿರುಗಣೆಯತ್ತ ನೋಡಿದರು. ಹನ್ನೆರಡು ವರ್ಷದ ಹಿಂದೆ, ಒಳಗಿನ ಕಾಯಿಸುವ ತಂತಿಯ ಸುರುಳಿ, ಕಾಯಿಲ್, ಸುಟ್ಟು ಬದಲು ಸಿಗದೆ ಕುಲುಮೆ ಒಂದು ವರ್ಷ ಮೂಲೆ ಸೇರಿತ್ತು. ಹೊಸ ಕಾಯಿಲ್ ಬಂದ ದಿನವೇ, ಅದೂ ಸುಡಬಾರದೆಂದು, ಅವರು ತಿರುಗಣೆಯನ್ನು ಬಿಚ್ಚಿ, ಶಾಖ ಐವತ್ತು ಡಿಗ್ರಿ ಕಡಿಮೆಯಾಗುವಂತೆ ಸರಿಸಿ ಕೂರಿಸಿದ್ದರು. ಯಾರು ಆರುನೂರಕ್ಕೆ ಇಟ್ಟರೂ ಒಳಗೆ ಐನೂರಾ ಐವತ್ತು. ಬೂದಿ ಮಾಡುವ ಪ್ರಯೋಗಗಳಿಗೆ ಅಷ್ಟು ಸಾಕಾಗುತ್ತಿತ್ತು. ಕಾಯಿಲ್ ಮತ್ತೆ ಸುಡಲಿಲ್ಲ.

ಸುಮ್ಮನೆ ಸರಿಪಡಿಸಿದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಅವಳು ಮೂರು ವಾರ ಬರೆದ ಅಂಕಿಗಳೆಲ್ಲ ತಪ್ಪಾಗಿಯೇ ಉಳಿಯುತ್ತಿದ್ದವು.

"ಉಪ್ಪು ಖರಾಬಿಲ್ರಿ," ಅಂದರು. "ತಪ್ಪು ನಂದು." ತಲೆ ತಗ್ಗಿಸಿ ಎಲ್ಲವನ್ನೂ ಹೇಳಿದರು.

ಸೀಮಾ ಮೂರು ವಾರದ ಅಂಕಿಗಳ ಹಾಳೆಯನ್ನು ಎಳೆದುಕೊಂಡಳು. "ಹನ್ನೊಂದು ವರ್ಷ ಎಲ್ಲಾರ್ಗೂ ಟೋಪಿ ಹಾಕೀರಿ ಕಾಕಾ," ಅಂದವಳು ಸ್ಕ್ರೂಡ್ರೈವರನ್ನು ಅವರ ಕೈಗಿಟ್ಟಳು.

ಮಧ್ಯಾಹ್ನ ಮೂರಕ್ಕೆ ಕುಲುಮೆ ನಿಜವಾದ ಶಾಖಕ್ಕೆ ಏರಿತು. ಐನೂರಾ ಎಪ್ಪತ್ತರವರೆಗೆ ಮೀಟರಿನ ಅಂಕಿ ನಿಧಾನಕ್ಕೆ ಇಳಿಯಿತು. ಆಮೇಲೆ ಒಮ್ಮೆಲೇ ಕುಸಿಯಿತು. ವಿದ್ಯುತ್ತಿಗೆ ಬಿಲ್ಲೆ ಒಡ್ಡುತ್ತಿದ್ದ ತಡೆ ಹೆಚ್ಚುಕಡಿಮೆ ಸಾವಿರದಲ್ಲಿ ಒಂದು ಪಾಲಿಗೆ ಇಳಿದಿತ್ತು; ಲಿಥಿಯಂ ಹರಿಯತೊಡಗಿತ್ತು.

ದೇವೀಂದ್ರಪ್ಪ ಕಿಂಡಿಯಲ್ಲಿ ಇಣುಕಿದರು. ಕೆಂಪು ಬೆಳಕಿನ ನಡುವೆ ಬಿಲ್ಲೆ ಇಟ್ಟ ಹಾಗೆಯೇ ಇತ್ತು. ಅಂಚು ಕೂಡ ಬಾಗಿರಲಿಲ್ಲ.

"ಇದರಾಗ ಎಷ್ಟು ಮಂದಿ ತಿರುಗಾಕತ್ತಿರಬಹುದ್ರಿ?"

ಹಳೆಯ ಶಾಖದ ಅಂಕಿಗಳಲ್ಲಿ ಐವತ್ತು ಕಳೆಯುತ್ತಿದ್ದ ಸೀಮಾ ಅದೇ ಹಾಳೆಯ ಮೂಲೆಯಲ್ಲಿ ಲೆಕ್ಕ ಹಾಕಿದಳು. "ಅರ್ಧ ಗ್ರಾಂ ಅದ. ಸುಮಾರು ಮೂರರ ಮುಂದ ಇಪ್ಪತ್ತೊಂದು ಸೊನ್ನಿ."

ಅವರು ಕಿಂಡಿಯಿಂದ ಕಣ್ಣು ತೆಗೆಯಲಿಲ್ಲ.

"ಒಬ್ಬಾಂವನೂ ಜಾಗಾ ಬಿಟ್ಟಿಲ್ಲ ನೋಡ್ರಿ," ಅಂದರು ಮೆಲ್ಲಗೆ.