ಇಂಜಿನ್ನಿನೊಳಗೆ ಬಿದ್ದ ಅಕ್ಷತೆ

ನಾನು ಚಿಕ್ಕವಳಿದ್ದಾಗ, ಮಕ್ಕಳೇ, ಬೆಟ್ಟದಪುರದ ನಮ್ಮ ಮನೆಯ ಹಿಂದೆ, ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿನ ನೆರಳಲ್ಲಿ, ಒಂದು ಇಂಜಿನ್ನು ಬಿಚ್ಚಿಕೊಂಡು ಬಿದ್ದಿತ್ತು. ಕೊಡಗಿನ ತೋಟದವರೊಬ್ಬರಿಂದ ಅಪ್ಪ ಕೊಂಡಿದ್ದ ಹಳೇ ಕಾರಿನದು. ಅಪ್ಪ ಇಂಜಿನ್ನು ಬಿಚ್ಚಿ ಕಟ್ಟುತ್ತಿದ್ದುದು ಅದೇ ಮೊದಲು. ಅಕ್ಕನಿಗೆ ದಿನ ತುಂಬಿತ್ತು. ಮಗು ಅಡ್ಡ ತಿರುಗಿದೆ, ಬಸ್ಸಿನ ಕುಲುಕಾಟ ಬೇಡ, ಮೈಸೂರಿನ ಆಸ್ಪತ್ರೆಗೇ ಕರೆದೊಯ್ಯಿರಿ ಎಂದು ಡಾಕ್ಟರು ಹೇಳಿದ್ದರು. ಮರುದಿನ ಬೆಳಿಗ್ಗೆ ಆ ಕಾರು ಹೊರಡಲೇಬೇಕಿತ್ತು.

ಇಂಜಿನ್ನಿನ ಕವಚ ಕಡಲೆಕಾಯಿ ಸಿಪ್ಪೆಯ ಹಾಗೆ ಎರಡು ಹೋಳು. ಒಳಗೆ ಎಣ್ಣೆ ಹರಿಯುವ ಸಣ್ಣ ಸಣ್ಣ ತೂತುಗಳು. ಹೋಳುಗಳನ್ನು ಸೇರಿಸುವ ಮುನ್ನ ಅಪ್ಪ ಸ್ನಾನ ಮಾಡಿ ಬಂದರು. ಮುಚ್ಚಿದ ಮೇಲೆ ಒಳಗಿನದಕ್ಕೆ ಪೂಜೆ ಮಾಡುವುದೆಲ್ಲಿ? ಅರಿಶಿನ ಕುಂಕುಮ ಇಟ್ಟು, ಕೈಮುಗಿದು, ಅಕ್ಷತೆ ಹಾಕಿದರು. ರಾಹುಕಾಲ ಬರುವುದರೊಳಗೆ ಮುಗಿಸುವ ಅವಸರ. ಬಟ್ಟೆಯಲ್ಲಿ ಒಮ್ಮೆ ಒರೆಸಿ, ಅಂಚಿಗೆ ಅಂಟು ಬಳಿದು, ಬೋಲ್ಟು ಬಿಗಿದೇಬಿಟ್ಟರು. ಸೀಮೆಎಣ್ಣೆ, ಹೊಗೆಸೊಪ್ಪಿನ ಘಾಟಿನ ನಡುವೆ ನಾನು ಪಕ್ಕದಲ್ಲೇ ಕೂತು ನೋಡುತ್ತಿದ್ದೆ.

ಹಾಕಿದ ಅಕ್ಕಿಯೆಲ್ಲ ಈಚೆ ಬಂತೇ ಎಂದು ಕೇಳಿದೆ. ದೇವರ ಅಕ್ಕಿ ಏನು ಮಾಡೀತು ಎಂದರು ಅಪ್ಪ. ಶಾಲೆಯ ಚರ್ಚಾಸ್ಪರ್ಧೆಯಲ್ಲಿ ಗೆದ್ದ ಬಾಯಿ ನನ್ನದು, ಸುಮ್ಮನಿರುತ್ತದೆಯೇ?

"ದೇವ್ರುದೋ ಅಂಗಡೀದೋ ಅಂತ ಆ ತೂತಿಗೆ ಎಂಗಪ್ಪ ಗೊತ್ತಾಯ್ತದೆ? ಎಣ್ಣೆ ಕಟ್ಕಂಡ್ರೆ ಇಂಜಿನ್ನು ದಾರೀಲೇ ಹಿಡ್ಕಂಡು ನಿಂತೋಯ್ತದೆ ಅಂದೋರು ನೀವೇ ಅಲ್ವಾ?"

ಹೊರಡುವ ಹೊತ್ತಲ್ಲಿ ಅಪಶಕುನ ನುಡಿಯಬೇಡ ಎಂದು ಗದರಿದರು. ಬಿಚ್ಚಿದರೆ ಮತ್ತೆ ಬಳಿಯಲು ಅಂಟೂ ಇಲ್ಲ ಎಂದರು. ಆದರೆ ಕೈಯಲ್ಲಿದ್ದ ಸ್ಪ್ಯಾನರನ್ನು ಕೆಳಗಿಡಲಿಲ್ಲ.

ಜಗಲಿಯ ಮೇಲೆ ಹೊಟ್ಟೆ ಹಿಡಿದು ಕೂತಿದ್ದ ಅಕ್ಕ ಮೆಲ್ಲಗೆ ಹೇಳಿದಳು: "ಬಿಚ್ಚಿ ನೋಡ್ಬುಡಿ ಅಪ್ಪ. ಅದ್ರಲ್ಲಿ ಕೂರೋಳು ನಾನು."

ರಾಹುಕಾಲದಲ್ಲೇ ಬಿಚ್ಚಿದರು. ಒಂದು ತೂತಿನ ಬಾಯಲ್ಲಿ ಅರಿಶಿನ ಮೆತ್ತಿದ ಅಕ್ಕಿಕಾಳು ಬಿರಡೆಯಂತೆ ಕೂತಿತ್ತು. ತಂತಿಯಿಂದ ಅದನ್ನು ಕಿತ್ತು, ಉಳಿದ ತೂತುಗಳಿಗೆಲ್ಲ ಸೈಕಲ್ ಪಂಪಿನಿಂದ ಗಾಳಿ ಹೊಡೆದರು. ಇನ್ನೆಷ್ಟು ಕಾಳು ಒಳಗಿದ್ದವೋ, ಹಾಕುವಾಗ ಯಾರು ಎಣಿಸಿದ್ದರು? ಡಬ್ಬಿಯ ತಳ ಕೆರೆದು ಸಿಕ್ಕಷ್ಟು ಅಂಟು ಬಳಿದು ಮುಚ್ಚಿದರು. ರಾತ್ರಿಯೆಲ್ಲ ಕೂತು ಇಂಜಿನ್ನನ್ನು ಕಾರಿಗೆ ಜೋಡಿಸಿದರು. ಬೆಳಿಗ್ಗೆ ಕಾರು ಸ್ಟಾರ್ಟ್ ಆಯಿತು. ಅಡಿಯಲ್ಲಿ ಎಣ್ಣೆ ಕಪ್ಪಗೆ ತೊಟ್ಟಿಕ್ಕುತ್ತಿತ್ತು.

ಹುಣಸೂರು ದಾಟಿದೆವು. ಇಂಜಿನ್ನು ಕೆಮ್ಮಿದಾಗೆಲ್ಲ ಅಕ್ಕ ನನ್ನ ಕೈಯನ್ನು ಹಿಂಡುತ್ತಿದ್ದಳು. ಹೇಗೋ ಆಸ್ಪತ್ರೆ ಮುಟ್ಟಿದೆವು. ಅಕ್ಕನೂ ಉಳಿದಳು, ಮಗುವೂ ಉಳಿಯಿತು.

ನಿಮ್ಮ ಕಾರಿನಲ್ಲಿ ಏನು ಕೆಟ್ಟರೂ ಕೆಂಪು ದೀಪ ಹತ್ತಿ ಹೇಳುತ್ತದೆ, ಮಕ್ಕಳೇ. ನೀವು ಹಾಡು ಕೇಳುತ್ತಲೋ ನಿದ್ದೆ ಹೊಡೆಯುತ್ತಲೋ ಮೈಸೂರು ತಲುಪುತ್ತೀರಿ. ಅವತ್ತು ಆ ದಾರಿಯುದ್ದಕ್ಕೂ ನಮ್ಮ ಕಿವಿಗೆ ಬಿದ್ದದ್ದು ಇಂಜಿನ್ನಿನ ಸದ್ದೊಂದೇ.