ಮಡಿಯಲ್ಲಿದ್ದ ಎರಡನೆಯ ಗಂಟೆ

ಹೊಸಪೇಟೆಯ ದೂರವಾಣಿ ಕಚೇರಿಯಲ್ಲಿ ನಾನು ಕೂರುತ್ತಿದ್ದ ಕುರ್ಚಿಗೆ ಟೆಸ್ಟ್ ಡೆಸ್ಕ್ ಎಂಬ ಘನವಾದ ಹೆಸರಿತ್ತು. ಸಂಡೂರಿನಿಂದ ಕಂಪ್ಲಿಯವರೆಗೆ ಯಾರ ಫೋನು ಸತ್ತರೂ ಅದರ ನಾಡಿ ಹಿಡಿದು ನೋಡುವುದು, ಆಮೇಲೆ ಲೈನ್‌ಮನ್ನನನ್ನು ಅಟ್ಟುವುದು ನನ್ನ ಕೆಲಸ. ಅದಿರಿನ ಲಾರಿಗಳು ಊರನ್ನೆಲ್ಲ ಕೆಂಪು ಮಾಡುತ್ತಿದ್ದ ಆ ವರ್ಷಗಳಲ್ಲಿ ಫೋನಿನ ತಂತಿಯಲ್ಲೇ ಇಂಟರ್‌ನೆಟ್ಟೂ ಹರಿಯತೊಡಗಿತು. ಗಣಿ ಕಚೇರಿಗಳಿಗೆ, ಲಾರಿ ತೂಗುವ ವೇಬ್ರಿಡ್ಜುಗಳಿಗೆ, ಹಂಪಿಯ ಗೆಸ್ಟ್ ಹೌಸುಗಳಿಗೆ, ಎಲ್ಲರಿಗೂ ಅದು ಇವತ್ತೇ ಬೇಕು. ಈ ಭಾರ ನಮ್ಮಂಥ ನರಮನುಷ್ಯರಿಂದ ಹೊರಲಾಗದೆಂದು ಮೇಲಿನವರು ಒಂದು ಯಂತ್ರ ಕಳಿಸಿಕೊಟ್ಟರು.

ಯಂತ್ರ ದಿನಾ ಬೆಳಗ್ಗೆ ನಾವು ಬರುವ ಮೊದಲೇ ಒಂದೊಂದು ಲೈನನ್ನೂ ತಾನಾಗಿಯೇ ತಡವಿ ನೋಡಿ ತೀರ್ಪು ಬರೆದಿಡುತ್ತಿತ್ತು. ತಂತಿ ಎಷ್ಟು ಉದ್ದವಿದೆ, ಎಲ್ಲಿ ನೀರು ಹೊಕ್ಕಿದೆ, ತುದಿಯಲ್ಲಿ ಎಷ್ಟು ಫೋನುಗಳ ಗಂಟೆಗಳಿವೆ, ಮೋಡೆಮ್ ಎಚ್ಚರವಾಗಿದೆಯೋ ಇಲ್ಲವೋ, ಎಲ್ಲವೂ ಅದಕ್ಕೆ ಗೊತ್ತು. ಕೂತಲ್ಲಿಂದ ಏಳದೆ ಮನೆಮನೆಯ ಕುಂದು ಎತ್ತಿ ಆಡುತ್ತಿದ್ದುದರಿಂದ ನಮ್ಮ ಲೈನ್‌ಮನ್ನರು ಅದನ್ನು ‘ಅತ್ತಿ’ ಎಂದು ಕರೆದರು. ನಾನು ಹುದ್ದೆಯ ಮರ್ಯಾದೆಗೆ ತಕ್ಕಂತೆ ‘ಅತ್ತೆಯವರು’ ಎನ್ನುತ್ತಿದ್ದೆ. ಹಂಪಿಯ ಒಂದು ಲೈನು ಗಳಿಗೆಗೊಮ್ಮೆ ಕಡಿದು ಕೂಡುತ್ತಿದೆ ಎಂದು ಅತ್ತೆಯವರು ಬರೆದ ದಿನ ಹೋಗಿ ನೋಡಿದರೆ ತಂತಿಯ ಮೇಲೆ ಕೋತಿಗಳು ಜೋಕಾಲಿ ಆಡುತ್ತಿದ್ದವು. ತೀರ್ಪು ಸರಿಯಾಗಿಯೇ ಇತ್ತು. ಆರೋಪಿಗಳ ಹೆಸರಷ್ಟೇ ಇರಲಿಲ್ಲ.

ಹೀಗಿರುವಾಗ ಕಂಪ್ಲಿಯಿಂದ ಒಬ್ಬ ಹೆಣ್ಣುಮಗಳು ಫೋನು ಮಾಡಿದರು. ಮನೆಯ ಕೆಳಗಿನ ಎರಡು ಕೋಣೆಗಳಲ್ಲಿ ಕಂಪ್ಯೂಟರ್ ಸೆಂಟರ್ ನಡೆಸುತ್ತಿದ್ದವರು. ಗಣಿ ಕಚೇರಿಯ ನೌಕರಿಗೆ ಆಸೆಪಟ್ಟ ಊರಿನ ಹುಡುಗ ಹುಡುಗಿಯರು ಅಲ್ಲಿ ಟೈಪಿಂಗೂ ಲೆಕ್ಕಪತ್ರವೂ ಕಲಿಯುತ್ತಿದ್ದರು. ಆದರೆ ಗಣಿಯವರು ಈಗೀಗ ಹೆಸರಿರುವ ಸಂಸ್ಥೆಯ ಸರ್ಟಿಫಿಕೇಟು ಕೇಳತೊಡಗಿದ್ದರು. ಅಂಥದೊಂದು ದೊಡ್ಡ ಸಂಸ್ಥೆ ಕಂಪ್ಲಿಗೆ ಶಾಖೆ ಕೊಡಲು ಒಪ್ಪಿತ್ತು, ಒಂದು ಷರತ್ತಿನ ಮೇಲೆ. ಮುಂದಿನ ಸೋಮವಾರದಿಂದ ಒಂದು ವಾರ ಆ ಸಂಸ್ಥೆಯ ಊರಿನಲ್ಲಿರುವ ಯಂತ್ರವೊಂದು ಮನಸ್ಸಿಗೆ ಬಂದ ಹೊತ್ತಿನಲ್ಲಿ ಈಕೆಯ ಇಂಟರ್‌ನೆಟ್ಟಿನ ಬಾಗಿಲು ಬಡಿಯುತ್ತದೆ. ಓಗೊಟ್ಟರೆ ಶಾಖೆ ಈಕೆಗೆ. ಇಲ್ಲವಾದರೆ ಗಂಗಾವತಿಯ ಒಬ್ಬ ಮಹನೀಯರಿಗೆ. ಅವರು ಆಗಲೇ ಬೋರ್ಡು ಬರೆಸಿ ಒಣಗಲು ಇಟ್ಟಿದ್ದರಂತೆ. ಈಕೆಯ ನೆಟ್ಟೋ, ದಿನಾ ಮುಂಜಾನೆ ಹತ್ತಾರು ಸಲ ಬೀಳುತ್ತಿತ್ತು.

“ಇದು ತಪ್ಪಿದ್ರ ನಮ್ಮ ಹುಡುಗ್ರು ಹೊಸಪೇಟಿ ಬಸ್ ಹತ್ತತಾರ್ರಿ ಸರ್. ನಾನು ಸೆಂಟರ್ ಬಾಗಲಾ ಹಾಕೋದ ಅದ” ಎಂದರು.

ಅತ್ತೆಯವರನ್ನು ವಿಚಾರಿಸಿದೆ. ತಂತಿ ಶುದ್ಧ, ಮೋಡೆಮ್ ಎಚ್ಚರ. ಆದರೆ ಗಂಟೆ ಎರಡು. ನಮ್ಮ ದಾಖಲೆಯಲ್ಲಿ ಇದ್ದದ್ದು ಒಂದೇ ಫೋನು. ಒಂದು ಲೈನಿಗೆ ಗುಟ್ಟಾಗಿ ಇನ್ನೊಂದು ಫೋನು ಜೋಡಿಸಿ ಅಣ್ಣನ ಮನೆಗೋ ಕಿರಾಣಿ ಅಂಗಡಿಗೋ ಎಳೆದುಕೊಳ್ಳುವುದು ನಮ್ಮ ಸೀಮೆಯ ಗೃಹಕೈಗಾರಿಕೆ. ಅದಕ್ಕೆ ಪ್ಯಾರಲಲ್ ಎಂದು ಹೆಸರು. ಮನೆಯಲ್ಲಿ ಎಷ್ಟು ಫೋನಿವೆ ಎಂದು ಕೇಳಿದೆ. ಒಂದೇ ಎಂದರು. ಆ ದನಿಯ ದೃಢತೆಯಿಂದಲೇ ಎರಡಿವೆ ಎಂದು ನನಗೆ ಖಾತ್ರಿಯಾಯಿತು.

ಮಾರನೆಯ ದಿನ ಬಸ್ಸು ಹಿಡಿದೆ. ಕಮಲಾಪುರ ದಾಟಿ ಬಾಳೆತೋಟಗಳು ಶುರುವಾದ ಮೇಲೆ ರಸ್ತೆಯ ಕೆಂಪು ಇಳಿದು ಕಣ್ಣಿಗೆ ತಂಪಾಯಿತು. ಕಂಪ್ಲಿ ಬಸ್‌ಸ್ಟ್ಯಾಂಡಿನಲ್ಲಿ ಅಲ್ಲಿಯ ಲೈನ್‌ಮನ್ ಏಣಿ ಹೊತ್ತು ಕಾದಿದ್ದ. ಸೆಂಟರಿನಲ್ಲಿ ನೋಡಿದರೆ ಎಲ್ಲ ಶಾಸ್ತ್ರಪ್ರಕಾರವೇ ಇತ್ತು. ಒಂದೇ ತಂತಿಯಲ್ಲಿ ಬರುವ ಮಾತನ್ನೂ ಇಂಟರ್‌ನೆಟ್ಟನ್ನೂ ಬೇರೆ ಮಾಡಲು ಬೆಂಕಿಪೊಟ್ಟಣದಷ್ಟು ಒಂದು ಬಿಳಿ ಡಬ್ಬಿ ಇರುತ್ತದೆ. ಫೋನು ಅದರ ಆಚೆಗಿರಬೇಕು. ಡಬ್ಬಿ ತಪ್ಪಿಸಿ ಫೋನು ಜೋಡಿಸಿದರೆ ಗಂಟೆ ಬಾರಿಸಿದಾಗಲೆಲ್ಲ ನೆಟ್ಟು ಬೀಳುತ್ತದೆ. ಇಲ್ಲಿ ಫೋನು ಡಬ್ಬಿಯ ಆಚೆಗೇ ಇತ್ತು. ಅಷ್ಟರಲ್ಲಿ ಹೊರಗಿನಿಂದ ಲೈನ್‌ಮನ್ ಸೂರಿನತ್ತ ಕೈ ಮಾಡಿ, ಇನ್ನೊಂದು ವೈರು ಮೇಲಕ್ಕೆ ಹೋಗಿದೆ ಎಂದ. ಫೋನು ಬಾರಿಸಿತು. ಮಾಳಿಗೆಯ ಮೇಲೂ ಒಂದು ಬಾರಿಸಿತು. ಮೋಡೆಮ್ಮಿನ ದೀಪ ಆರಿತು.

“ಅದು ಮಾವನೋರ ಮಡಿ ಫೋನ್ರಿ” ಎಂದರು ಆಕೆ, ನೆಲ ನೋಡುತ್ತಾ.

ಮಾವನವರು ಆಚಾರ್ಯರು. ಸುತ್ತಲ ಹಳ್ಳಿಗಳ ಮದುವೆ, ಮುಂಜಿ, ಗೃಹಪ್ರವೇಶಗಳಿಗೆಲ್ಲ ಮುಹೂರ್ತ ಇಟ್ಟುಕೊಡುವವರು. ಸ್ನಾನದಿಂದ ಊಟದವರೆಗೆ ಮಡಿ. ಊರಿನ ಕೈಯೆಲ್ಲ ತಾಗಿದ ಕೆಳಗಿನ ಫೋನನ್ನು ಮುಟ್ಟುವಂತಿಲ್ಲ. ಜನ ಫೋನು ಮಾಡುವುದು ಮಾತ್ರ ಅದೇ ಹೊತ್ತಿಗೆ. ಆದ್ದರಿಂದ ದೇವರಕೋಣೆಯ ಪಕ್ಕ ಹೊಸದೊಂದು ಫೋನು ಪ್ರತಿಷ್ಠಾಪಿಸಿ, ಉಣ್ಣೆಗೆ ಮೈಲಿಗೆಯಿಲ್ಲವೆಂಬ ಆಧಾರದ ಮೇಲೆ ಅದಕ್ಕೆ ಧಾವಳಿ ಹೊದಿಸಿ, ರಿಸೀವರನ್ನು ಆ ಉಣ್ಣೆಬಟ್ಟೆಯಿಂದಲೇ ಹಿಡಿದು ಮಾತಾಡುತ್ತಿದ್ದರು. ವೈರನ್ನು ಡಬ್ಬಿಯ ಆಚೆಯಿಂದ ಎಳೆಯದೆ ಸೂರಿನ ಹತ್ತಿರವೇ ಏಕೆ ಕೂಡಿಸಿದಿರಿ ಎಂದು ಮೆಟ್ಟಿಲ ಬುಡದಲ್ಲಿ ನಿಂತು ವಿನಯದಿಂದ ಕೇಳಿದೆ.

“ಆ ಡಬ್ಬಿಗೆ ಹತ್ತು ಮಂದಿ ಕೈ ತಾಗಿರ್ತದ. ಅದರೊಳಗಿಂದ ಬಂದ ತಂತಿ ಮಡಿಗೆ ಹ್ಯಾಂಗ ನಡೀತದ್ರಿ?” ಎಂದರು ಮೇಲಿನಿಂದ.

ಲೈನ್‌ಮನ್‌ಗೆ ತಡೆಯಲಾಗಲಿಲ್ಲ. “ಆಚಾರ್ರ, ತಂತಿ ಹೊಸಪೇಟಿಯಿಂದ ಬರತೈತ್ರಿ. ದಾರಿ ತುಂಬ ಕಾಗಿ ಕುಂತಿರತಾವು.”

“ಅದು ಬಯಲಾಗಿಂದು. ಬಯಲಿಗೆ ದೋಷ ಇಲ್ಲ.”

ಪೊಟ್ಟಣ ಒಡೆಯದ ಹೊಸ ಡಬ್ಬಿಯೊಂದನ್ನು ಚೀಲದಿಂದ ತೆಗೆದು, ಇದನ್ನು ಸೂರಿನ ಕೆಳಗೆ ತಮ್ಮ ತಂತಿಗಷ್ಟೇ ಹಾಕುತ್ತೇವೆ, ಬೇರೆ ಯಾರ ಕೈಯೂ ತಾಗದು ಎಂದು ಅರಿಕೆ ಮಾಡಿಕೊಂಡೆ. ಅವರು ಯೋಚಿಸಿದರು. ನೀರು ಚಿಮುಕಿಸಿ ಶುದ್ಧ ಮಾಡಬಹುದೇ ಎಂದು ಕೇಳಿದರು. ಮಾಡಿದರೆ ಡಬ್ಬಿ ಶುದ್ಧವಾಗುವ ಜೊತೆಗೆ ಮುಕ್ತವೂ ಆಗುತ್ತದೆ ಎಂದೆ. ಕೊನೆಗೆ ಉಣ್ಣೆಯ ತುಂಡಿನಲ್ಲಿ ಸುತ್ತಿ ಕಟ್ಟಿದರೆ ನಡೆದೀತು ಎಂದು ಅಪ್ಪಣೆಯಾಯಿತು. ಲೈನ್‌ಮನ್ ಏಣಿ ಹತ್ತಿ ಹಾಗೇ ಮಾಡಿದ. ನಾನು ನನ್ನ ಮೊಬೈಲಿನಿಂದ ಕರೆ ಮಾಡಿದೆ. ಕೆಳಗೆ ಬಾರಿಸಿತು, ಮೇಲೆ ಬಾರಿಸಿತು. ಸೊಸೆ ಒಲೆಯ ಮೇಲಿನ ಹಾಲು ನೋಡುವಂತೆ ಮೋಡೆಮ್ ನೋಡುತ್ತಿದ್ದರು. ದೀಪ ಕದಲಲಿಲ್ಲ.

ಹೊರಡುವಾಗ ಆಚಾರ್ಯರು ಈ ಪರೀಕ್ಷೆಯ ವಿಷಯ ಕೇಳಿದರು. ಯಾರೂ ಬರುವುದಿಲ್ಲ, ಯಂತ್ರವೇ ದೂರದಿಂದ ಕರೆಯುತ್ತದೆ ಎಂದೆ. ಯಾವ ಹೊತ್ತಿಗೆ ಎಂದರು. ಹೊತ್ತು ಗೊತ್ತಿಲ್ಲ, ಹೇಳುವುದೂ ಇಲ್ಲ ಎಂದೆ. ಮುಹೂರ್ತವೇ ಇಲ್ಲದೆ ನಡೆಯುವ ಕಾರ್ಯ ಅವರಿಗೆ ಸರಿಕಾಣಲಿಲ್ಲ. ಸೊಸೆಯತ್ತ ಒಮ್ಮೆ ನೋಡಿ ಒಳಗೆ ಹೋದರು.

ಸೋಮವಾರ ಅತ್ತೆಯವರ ತೀರ್ಪು ನೋಡಿದೆ: ಕಂಪ್ಲಿಯ ಆ ಲೈನಿನಲ್ಲಿ ರಿಸೀವರ್ ಎತ್ತಿ ಪಕ್ಕಕ್ಕಿಟ್ಟಿದೆ. ಮಂಗಳವಾರವೂ ಅದೇ. ಮೋಡೆಮ್ ಎಚ್ಚರವೇ ಇತ್ತು, ಆದರೆ ಫೋನು ಮಾಡಿದರೆ ಸಿಗುತ್ತಿರಲಿಲ್ಲ. ನನ್ನ ಡಬ್ಬಿಯೇ ಏನೋ ಎಡವಟ್ಟು ಮಾಡಿತೆಂದು ಗಾಬರಿಯಾಗಿ ಲೈನ್‌ಮನ್‌ನನ್ನು ಓಡಿಸಿದೆ. ಮಧ್ಯಾಹ್ನ ಅವನು ವರದಿ ಒಪ್ಪಿಸಿದ. ಆಚಾರ್ಯರೇ ಸೋಮವಾರ ಸ್ನಾನ ಮುಗಿಸಿದವರು ರಿಸೀವರನ್ನು ಎತ್ತಿ ಧಾವಳಿಯ ಮೇಲೆ ಮಲಗಿಸಿದ್ದರು. ಡಬ್ಬಿಯ ಮೇಲೆ ಅವರಿಗೆ ಅಷ್ಟೊಂದು ಭರವಸೆ ಇರಲಿಲ್ಲ. ಗಂಟೆಯೇ ಬಾರಿಸದಿದ್ದರೆ ದೀಪ ಆರುವ ಮಾತೆಲ್ಲಿ? ಮುಹೂರ್ತ ಬೇಕಾದವರು ಬಸ್ಸಿನಲ್ಲಿ, ಸೈಕಲ್ಲಿನಲ್ಲಿ ಬಂದು ಕಂಪ್ಯೂಟರಿನ ಕುರ್ಚಿಗಳಲ್ಲೇ ಸರದಿ ಕಾಯುತ್ತಿದ್ದರು. ಇದೇನು ಎಂದು ಕೇಳಿದ್ದಕ್ಕೆ ಆಚಾರ್ಯರು ಅಂದದ್ದನ್ನು ಲೈನ್‌ಮನ್ ಅವರದೇ ದನಿಯಲ್ಲಿ ಹೇಳಿ ತೋರಿಸಿದ:

“ಮಂದಿ ಬೇಕಾದ್ರ ನಡಕೊಂಡ ಬರ್ತಾರ. ಆಕಿ ಪರೀಕ್ಷಾ ನಡಕೊಂಡ ಬರಂಗಿಲ್ಲ.”

ಡಬ್ಬಿ ಇರುವಾಗ ಇದರ ಅಗತ್ಯವಿಲ್ಲ ಎಂದು ಹೇಳಿಕಳಿಸುವುದು ನನ್ನ ಕರ್ತವ್ಯವಾಗಿತ್ತು. ಯೋಚಿಸಿ, ಹೇಳಿಕಳಿಸಲಿಲ್ಲ. ಅತ್ತೆಯವರ ತೀರ್ಪಿನ ಎದುರು ‘ಗ್ರಾಹಕರ ಇಚ್ಛೆ’ ಎಂದು ಷರಾ ಬರೆದೆ. ವಾರವಿಡೀ ಅದನ್ನೇ ಬರೆದೆ.

ವಾರ ಕಳೆದ ಮೇಲೆ ಆಕೆಯ ಫೋನು ಬಂತು. ರಿಸೀವರು ಸ್ವಸ್ಥಾನ ಸೇರಿತ್ತು. ಸಂಸ್ಥೆಯಿಂದ ಈಮೇಲ್ ಬಂದಿದೆ ಎಂದು ಓದಿದರು. ತಮ್ಮ ಇಂಟರ್‌ನೆಟ್ ಪ್ರತಿ ಸಲವೂ ಓಗೊಟ್ಟಿದೆ, ಶಾಖೆ ಮಂಜೂರಾಗಿದೆ. ಆದರೆ ಈ ಸಂತೋಷದ ಸುದ್ದಿ ತಿಳಿಸಲು ಅನೇಕ ಸಲ ಫೋನ್ ಮಾಡಿದರೂ ತಮ್ಮ ದೂರವಾಣಿ ಸದಾ ಎಂಗೇಜ್ ಇತ್ತು. ಈ ದುಃಸ್ಥಿತಿಯನ್ನು ಕೂಡಲೇ ಸರಿಪಡಿಸಿಕೊಳ್ಳತಕ್ಕದ್ದು.

“ಬೋರ್ಡ್ ಹಾಕಲಿಕ್ಕೆ ಗುರುವಾರ ಛಲೋ ಅದ ಅಂತ ಮಾವನೋರು ಮೊನ್ನೇನ ತೆಗೆದಿಟ್ಟಾರ್ರಿ” ಎಂದು ನಕ್ಕರು. ಆಮೇಲೆ ದನಿ ತಗ್ಗಿಸಿ, “ಇದನ್ನ ಅವರಿಗೆ ಪೂರಾ ಓದಿ ಹೇಳಲೇನ್ರಿ ಸರ್?” ಎಂದರು.

“ಮಂಜೂರಾಗೇದ ಅನ್ನೋ ತನಕ ಓದ್ರಿ. ಅಲ್ಲಿಗೆ ಸಾಕು” ಎಂದೆ.