ಸೈನ್ ಹಾಕಿದ್ದೀನಿ, ಓದಿಲ್ಲ

ಈ ವಾರ ಬೈಯಬೇಕು ಅಂತಲೇ ಕೂತಿದ್ದೆ. ಬೈಯಲು ಸಿಕ್ಕವರೂ ಸಣ್ಣವರಲ್ಲ, ಯುರೋಪಿನ ಒಂದು ಫೆಲೋಶಿಪ್ ಸಮಿತಿ. ‘ಬಡ ದೇಶಗಳ ಸಂಶೋಧಕರಿಗೆ ನಮ್ಮ ಬಾಗಿಲು ಸದಾ ತೆರೆದಿದೆ’ ಅಂತ ವೆಬ್‌ಸೈಟಿನ ತುಂಬ ನಗುಮುಖದ ಫೋಟೋ ಹಾಕಿಕೊಂಡವರು ನನ್ನ ವಿದ್ಯಾರ್ಥಿನಿಗೆ ಎರಡೇ ಸಾಲಿನಲ್ಲಿ ‘ವಿಷಾದಿಸುತ್ತೇವೆ’ ಅಂದುಬಿಟ್ಟಿದ್ದರು. ನನಗೆ ಮೈಯೆಲ್ಲ ಉರಿದುಹೋಯಿತು. ಅಂಕಣಕ್ಕೆ ತಲೆಬರಹ ಕೂಡ ಇಟ್ಟಾಗಿತ್ತು: ‘ಚರ್ಮ ನೋಡಿ ಕೊಡುವ ಫೆಲೋಶಿಪ್’. ಚೆನ್ನಾಗಿದೆ ಅಲ್ವಾ? ನನಗೂ ಹಾಗೇ ಅನಿಸಿತ್ತು.

ಬರೆಯುವ ಮೊದಲು ಒಂದಿಷ್ಟು ವಿವರ ಕೈಯಲ್ಲಿರಲಿ ಅಂತ ಫೋನ್ ತೆಗೆದೆ. ನಾನು ಅವಳಿಗೆ ಕೊಟ್ಟಿದ್ದ ಶಿಫಾರಸು ಪತ್ರ ಅದರಲ್ಲೇ ಇತ್ತು. (ನಿಮ್ಮ ಅಂಕಣಕಾರ್ತಿ ಹೊಟ್ಟೆಪಾಡಿಗೆ ಯಲಹಂಕದ ಒಂದು ಕಾಲೇಜಿನಲ್ಲಿ ಬಾಟನಿ ಪಾಠ ಮಾಡುತ್ತಾಳೆ ಅನ್ನೋದು ಹಳಬರಿಗೆ ಗೊತ್ತೇ ಇದೆ.) ತೆರೆದೆ. ನನ್ನದೇ ಸೈನ್ ಇರುವ ಆ ಪತ್ರವನ್ನು ಅವತ್ತು ಮೊದಲ ಸಲ ಓದಿದೆ.

ಓದಿ ಮುಗಿಸುವಷ್ಟರಲ್ಲಿ, ಬೈಸಿಕೊಳ್ಳಬೇಕಾದವರು ಯುರೋಪಿನಲ್ಲಿಲ್ಲ ಅಂತ ಗೊತ್ತಾಯಿತು.

ಮೊದಲು ಅವಳ ಬಗ್ಗೆ ಹೇಳ್ತೀನಿ. ಹೆಸರು ಚಿಸೊಮೊ. ಆಫ್ರಿಕಾದ ಮಲಾವಿ ದೇಶದವಳು. ಊರಲ್ಲಿ ಕೆಲವು ವರ್ಷ ಶಾಲೆಯಲ್ಲಿ ಪಾಠ ಮಾಡಿ, ಆಮೇಲೆ ಭಾರತ ಸರ್ಕಾರದ ಸ್ಕಾಲರ್‌ಶಿಪ್ ಸಿಕ್ಕು ನಮ್ಮಲ್ಲಿ ಎಂ.ಎಸ್ಸಿ.ಗೆ ಸೇರಿದಳು. ಹುಲ್ಲಿನ ಮೇಲೆ ಅವಳ ಕೆಲಸ. ಮಳೆ ಕೈಕೊಟ್ಟರೂ ಸಾಯದ ಹುಲ್ಲು ಯಾವುದು, ಸಾಯದಿದ್ದರೆ ದನ ಅದನ್ನು ತಿನ್ನುತ್ತಾ, ಇಷ್ಟೇ ಅವಳ ಪ್ರಶ್ನೆ. ರೂಮು ಬಾಗಲೂರಿನಲ್ಲಿ. ಫೀಲ್ಡ್‌ವರ್ಕ್ ಹೆಸರಘಟ್ಟದ ಹುಲ್ಲುಗಾವಲಿನಲ್ಲಿ. ಊರಿನ ಆ ತುದಿಗೊಂದು, ಈ ತುದಿಗೊಂದು. ನಾನು ಅವಳ ಗೈಡ್. (ಗೈಡ್ ಅಂದರೆ? ಎರಡು ವರ್ಷದಲ್ಲಿ ಒಂದೇ ಒಂದು ಸಲ ಹೆಸರಘಟ್ಟಕ್ಕೆ ಹೋಗಿದ್ದೆ. ಗ್ರೂಪ್ ಫೋಟೋ ಚೆನ್ನಾಗಿ ಬಂದಿದೆ.)

ಎಂ.ಎಸ್ಸಿ. ಮುಗಿದರೆ ಸ್ಕಾಲರ್‌ಶಿಪ್ ಮುಗಿಯುತ್ತೆ. ಅದು ಮುಗಿದರೆ ವೀಸಾ ಮುಗಿಯುತ್ತೆ. ಪಿಎಚ್.ಡಿ. ಮಾಡಬೇಕು ಅಂದರೆ ಅವಳಿಗಿದ್ದ ದಾರಿ ಆ ಫೆಲೋಶಿಪ್ ಒಂದೇ. ಅದಕ್ಕೂ ವಯಸ್ಸಿನ ಮಿತಿ ಇದೆ, ಅವಳಿಗೆ ಇದು ಕೊನೇ ವರ್ಷ. ಇಷ್ಟೂ ನನಗೆ ಗೊತ್ತಿತ್ತು. ಗೊತ್ತಿರಲಿಲ್ಲ ಅಂತ ಹೇಳಿ ಜಾರಿಕೊಳ್ಳುವ ಹಾಗೂ ಇಲ್ಲ.

ಇನ್ನು ಶಿಫಾರಸು ಪತ್ರ. ನಮ್ಮ ಕಾಲೇಜುಗಳಲ್ಲಿ ಅದು ಹೇಗೆ ಹುಟ್ಟುತ್ತೆ ಅಂತ ಪದವಿ ಮಾಡಿದವರಿಗೆಲ್ಲ ಗೊತ್ತು. ಹುಡುಗ ಬಂದು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಲ್ಲುತ್ತಾನೆ. ‘ಮೇಡಂ, ಒಂದು ರೆಕಮೆಂಡೇಷನ್ ಲೆಟರ್ ಬೇಕಿತ್ತು.’ ನಾವು ತಲೆ ಎತ್ತದೆ ಹೇಳ್ತೀವಿ, ‘ನೀನೇ ಬರ್ಕೊಂಡ್ ಬಾರಪ್ಪ, ಸೈನ್ ಹಾಕ್ತೀನಿ.’ ಅಷ್ಟೇ. ಅವನು ಸೀನಿಯರ್ ಹತ್ತಿರ ಹಳೇ ಪತ್ರ ಇಸಕೊಂಡು ಹೆಸರು ಬದಲಾಯಿಸಿ ತರ್ತಾನೆ. ನಾವು ಸೈನ್ ಹಾಕ್ತೀವಿ. ನನಗೂ ನನ್ನ ಗುರುಗಳು ಹೀಗೇ ಮಾಡಿದ್ದರು. ಒಬ್ಬ ಪುಣ್ಯಾತ್ಮನಂತೂ ‘ನನ್ನ ಮೂವತ್ತು ವರ್ಷದ ಸೇವೆಯಲ್ಲಿ ಇಂಥ ವಿದ್ಯಾರ್ಥಿಯನ್ನು ಕಂಡಿಲ್ಲ’ ಅಂತ ಬರೆದುಕೊಂಡು ಬಂದಿದ್ದ. ಆಗ ನನ್ನ ಸರ್ವಿಸ್ ಹನ್ನೊಂದು ವರ್ಷ. ಅದಕ್ಕೂ ಸೈನ್ ಬಿದ್ದಿತ್ತು. ಅವನು ಈಗ ಜರ್ಮನಿಯಲ್ಲಿದ್ದಾನೆ. ಇದನ್ನ ಎಷ್ಟು ಸಲ ಹೇಳಿ ನಕ್ಕಿದ್ದೀನೋ ಲೆಕ್ಕವಿಲ್ಲ.

ಚಿಸೊಮೊ ಕೇಳಿದಾಗಲೂ ಅದೇ ಮಾತನ್ನು ಇಂಗ್ಲಿಷಿನಲ್ಲಿ ಹೇಳಿದೆ. ‘ನೀನೇ ಬರ್ಕೊಂಡ್ ಬಾರಮ್ಮ.’ ಅವಳು ಒಂದು ನಿಮಿಷ ನನ್ನ ಮುಖ ನೋಡಿದಳು. ‘ನನ್ನ ಬಗ್ಗೆ ನಾನೇ?’ ಅಂದಳು. ‘ಹೌದಮ್ಮ, ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತಿರುತ್ತೆ?’ ಅಂದೆ. ಎಂಥ ಜಾಣತನದ ಉತ್ತರ ನೋಡಿ.

ನಾಲ್ಕು ದಿನ ಬಿಟ್ಟು ತಂದಳು. ಇಂಟರ್ನಲ್ಸ್ ನಡೆಯುತ್ತಿತ್ತು, ನಾನು ಪ್ರಶ್ನೆಪತ್ರಿಕೆ ಕಟ್ಟು ಹಿಡಿದು ಓಡುತ್ತಿದ್ದೆ. ಕಾರಿಡಾರಿನಲ್ಲೇ ಗೋಡೆಗೆ ಒತ್ತಿ ಹಿಡಿದು ಸೈನ್ ಹಾಕಿದೆ. ಹಸಿರು ಇಂಕು. (ಎಚ್‌ಓಡಿ ಆದಮೇಲೆ ಬೇರೆ ಬಣ್ಣ ಮುಟ್ಟಿಲ್ಲ.) ಫೋನಲ್ಲಿ ಸ್ಕ್ಯಾನ್ ಮಾಡಿಕೊಂಡು ಹಾಳೆಯನ್ನು ಅವಳಿಗೇ ವಾಪಸ್ ಕೊಟ್ಟೆ. ಸಂಜೆ ಸಿಟಿಗೆ ಹೊರಟು ಆಟೋದಲ್ಲಿ ಹೆಬ್ಬಾಳ ಫ್ಲೈಓವರ್ ಮೇಲೆ ಸಿಕ್ಕಿಹಾಕಿಕೊಂಡಿದ್ದಾಗ ಫೆಲೋಶಿಪ್‌ನವರ ಲಿಂಕ್ ತೆರೆದು ಅಪ್‌ಲೋಡ್ ಮಾಡಿದೆ. ‘ಧನ್ಯವಾದ’ ಅಂತ ಬಂತು. ಜಾಮ್‌ನಲ್ಲೂ ಒಂದು ಒಳ್ಳೇ ಕೆಲಸ ಆಯ್ತಲ್ಲ ಅಂತ ಬೀಗಿದೆ.

ಪತ್ರ ಇಂಗ್ಲಿಷಿನಲ್ಲಿದೆ. ಕನ್ನಡದಲ್ಲಿ ಹೇಳೋದಾದರೆ ಹೀಗೆ:

‘ಚಿಸೊಮೊ ಕಷ್ಟಪಡುತ್ತಾಳೆ, ಆದರೆ ನಿಧಾನ. ಮೊದಲ ಸೆಮಿಸ್ಟರಿನಲ್ಲಿ ಒಂದು ಪೇಪರ್ ಫೇಲಾಗಿದ್ದಳು. ಸ್ಟಾಟಿಸ್ಟಿಕ್ಸ್ ಅವಳಿಗೆ ಇನ್ನೂ ಪೂರ್ತಿ ಬರುವುದಿಲ್ಲ. ಸೆಮಿನಾರಿನಲ್ಲಿ ಮಾತಾಡಲು ಹೆದರುತ್ತಾಳೆ. ಮೊದಲ ವರ್ಷ ಒಂದು ಹುಲ್ಲನ್ನು ತಪ್ಪಾಗಿ ಗುರುತಿಸಿ, ಮೂರು ತಿಂಗಳ ಲೆಕ್ಕವನ್ನೆಲ್ಲ ಹಾಳು ಮಾಡಿಕೊಂಡಳು. ಆ ತಪ್ಪನ್ನು ಬೇರೆ ಯಾರೂ ಕಂಡುಹಿಡಿದಿರಲಿಲ್ಲ, ಅವಳೇ ಕಂಡುಹಿಡಿದಳು.’

ಕೊನೆಗೆ ಒಂದು ಸಾಲು: ‘ಅವಳಲ್ಲಿ ಒಳ್ಳೆಯ ಗುಣಗಳಿದ್ದರೆ, ಮೇಡಂ ದಯವಿಟ್ಟು ಇಲ್ಲಿ ಸೇರಿಸಬೇಕು.’

ಅದರ ಕೆಳಗೆ ನಾಲ್ಕು ಸಾಲು ಚುಕ್ಕಿ. ಖಾಲಿ. ಅದರ ಕೆಳಗೆ ಹಸಿರು ಇಂಕಿನಲ್ಲಿ ನಾನು.

ಅಲ್ಲಿ ಸಮಿತಿಯ ಟೇಬಲ್ ಸುತ್ತ ಕೂತವರು ಏನಂದುಕೊಂಡಿರಬೇಕು? ಎರಡು ವರ್ಷ ಜೊತೆಗಿದ್ದ ಗೈಡ್‌ಗೇ ಬರೆಯಲು ಒಂದು ಒಳ್ಳೇ ಮಾತು ಸಿಗಲಿಲ್ಲ ಅಂತಲೋ? ಅಥವಾ ಹುಡುಗಿ ಪತ್ರ ತಾನೇ ಬರೆದು ಮೇಷ್ಟರ ಸೈನ್ ಹಾಕಿಸಿದ್ದಾಳೆ ಅಂತಲೋ? ಇಲ್ಲಿ ಅದು ರೂಢಿ, ಅಲ್ಲಿ ಅದಕ್ಕೆ ಮೋಸ ಅಂತ ಹೆಸರು. ಹೇಗೆ ಓದಿದರೂ ಹೊರಗೆ ಬಿದ್ದವಳು ಅವಳೇ.

ಪತ್ರದಿಂದಲೇ ಹೋಯ್ತು ಅಂತ ಏನು ಗ್ಯಾರಂಟಿ ಅಂತ ನೀವು ಕೇಳಬಹುದು. ನಾನೂ ಹಾಗೇ ಸಮಾಧಾನ ಹೇಳಿಕೊಂಡೆ. ಎರಡು ದಿನ ಹೇಳಿಕೊಂಡೆ. ಮೂರನೇ ದಿನ ತಡೆಯಲಾರದೆ ಸಮಿತಿಗೆ ಮೇಲ್ ಬರೆದೆ. ತಪ್ಪು ನನ್ನದು, ಬೇರೆ ಪತ್ರ ಕೊಡ್ತೀನಿ, ದಯವಿಟ್ಟು ಇನ್ನೊಮ್ಮೆ ನೋಡಿ. ಮರುದಿನವೇ ಉತ್ತರ ಬಂತು. ಬಹಳ ಮರ್ಯಾದೆಯ ಉತ್ತರ. ಪ್ರಾಜೆಕ್ಟ್ ಅವರಿಗೆ ಇಷ್ಟವಾಗಿತ್ತಂತೆ. ಆದರೆ ರೆಫರಿಯ, ಅಂದರೆ ಶಿಫಾರಸು ಮಾಡಿದ ನನ್ನ, ಪತ್ರದಿಂದಾಗಿ ಮುಂದಿನ ಸುತ್ತಿಗೆ ತೆಗೆದುಕೊಳ್ಳಲು ಆಗಲಿಲ್ಲವಂತೆ. ಒಮ್ಮೆ ಸಲ್ಲಿಸಿದ ಪತ್ರ ಬದಲಾಯಿಸಲು ನಿಯಮದಲ್ಲಿ ಅವಕಾಶವಿಲ್ಲವಂತೆ.

ಪ್ರಾಜೆಕ್ಟ್ ಇಷ್ಟವಾಗಿತ್ತಂತೆ. ಆ ಸಾಲನ್ನು ಅವರು ಬರೆಯದೇ ಇದ್ದಿದ್ದರೆ ನನಗೆ ನಿದ್ದೆಯಾದರೂ ಬರುತ್ತಿತ್ತು.

ಸ್ಟಾಫ್ ರೂಮಿನಲ್ಲಿ ಪಕ್ಕದ ಟೇಬಲ್ಲಿನ ಶಿವಾನಂದ ಸರ್‌ಗೆ ಹೇಳಿಕೊಂಡೆ. ಧಾರವಾಡದ ಕಡೆಯವರು, ಮನಸ್ಸು ಮೃದು. ‘ಅಯ್ಯ, ಬಿಡ್ರಿ ಮೇಡಂ, ಯಾರ್ ಓದ್ತಾರ್ರೀ ಅದನ್ನ? ನಾನೂ ಓದಂಗಿಲ್ಲ’ ಅಂದರು.

‘ಅಲ್ಲಿಯವರು ಓದ್ತಾರೆ ಸರ್.’

ಅವರು ಟೇಬಲ್ ಮೇಲಿದ್ದ ಯಾರದೋ ಎರಡು ಪತ್ರ ಎಳೆದುಕೊಂಡು ಸೈನ್ ಹಾಕಿ ಪಕ್ಕಕ್ಕಿಟ್ಟರು.

ಶನಿವಾರ ಮಧ್ಯಾಹ್ನ ಬಾಗಲೂರಿಗೆ ಹೋದೆ. ಚಿಸೊಮೊ ಇರೋದು ಮುನಿಯಮ್ಮ ಅನ್ನುವ ಹಳೇ ಊರಿನ ಹೆಂಗಸಿನ ಮನೆಯ ಹಿಂದಿನ ರೂಮಿನಲ್ಲಿ. ಮುಂದೆ ಮನೆ, ಪಕ್ಕದಲ್ಲಿ ಕೊಟ್ಟಿಗೆ, ಎರಡು ಸೀಮೆ ಹಸು. ಚಿಸೊಮೊ ಜಗಲಿ ಮೇಲೆ ಕೂತು ಮದುವೆ ಕಾರ್ಡಿನ ಹಳೇ ಕವರುಗಳಿಗೆ ಹುಲ್ಲಿನ ಬೀಜ ತುಂಬಿ ಹೆಸರು ಬರೆಯುತ್ತಿದ್ದಳು. ಕವರುಗಳನ್ನೆಲ್ಲ ಕೂಡಿಟ್ಟು ಕೊಟ್ಟಿದ್ದು ಮುನಿಯಮ್ಮನಂತೆ. ‘ಊಟ ಆಯ್ತಾ ಮೇಡಂ?’ ಅಂತ ಎದ್ದು ನಿಂತಳು. ಈ ಮಾತು ಅವಳಿಗೆ ಕಲಿಸಿದ್ದೂ ಮುನಿಯಮ್ಮನೇ.

ಬೀಜಗಳನ್ನು ಊರಿಗೆ ಒಯ್ಯೋಕೆ ಪರ್ಮಿಷನ್ ಬೇಕು, ಅಷ್ಟು ಟೈಮಿಲ್ಲ, ಅದಕ್ಕೇ ಡಿಪಾರ್ಟ್‌ಮೆಂಟಿಗೆ ಕೊಟ್ಟುಹೋಗ್ತೀನಿ ಅಂದಳು. ಮುಂದಿನ ಗುರುವಾರ ಫ್ಲೈಟು. ನಾನು ತಲೆ ತಗ್ಗಿಸಿ ಇಂಗ್ಲಿಷಿನಲ್ಲಿ ಎಲ್ಲ ಹೇಳಿದೆ. ನಿನ್ನ ಪತ್ರ ನಾನು ಓದಲೇ ಇಲ್ಲ ಚಿಸೊಮೊ, ಓದದೇ ಸೈನ್ ಹಾಕಿದೆ, ಅದರಿಂದಲೇ ಹೋಯಿತು.

ಅವಳು ಅಳುತ್ತಾಳೆ ಅಂದುಕೊಂಡಿದ್ದೆ. ಕೂಗಾಡಿದ್ದರೆ ಇನ್ನೂ ವಾಸಿ ಇತ್ತು.

‘ಓದಿರಲಿಲ್ವಾ?’ ಅಂತ ಮಾತ್ರ ಕೇಳಿದಳು. ಆಮೇಲೆ ನಿಧಾನವಾಗಿ ಹೇಳಿದಳು. ‘ದೊಡ್ಡವರು ನಿನ್ನ ಬಗ್ಗೆ ಕೇಳಿದ್ರೆ ಮೊದಲು ನಿನ್ನ ತಪ್ಪು ಹೇಳು, ಒಳ್ಳೇದನ್ನ ಅವರೇ ಹೇಳಲಿ ಅಂತ ನಮ್ಮಮ್ಮ ಹೇಳ್ಕೊಟ್ಟಿದ್ರು ಮೇಡಂ. ಅದಕ್ಕೇ ಜಾಗ ಬಿಟ್ಟಿದ್ದೆ. ಸೈನ್ ಹಾಕಿ ಹಾಳೆ ವಾಪಸ್ ಕೊಟ್ರಲ್ಲ, ನೋಡಿದೆ. ಜಾಗ ಹಾಗೇ ಇತ್ತು. ನೀವು ಓದಿ, ಒಪ್ಪಿ, ಸೇರಿಸೋಕೆ ಏನೂ ಇಲ್ಲ ಅಂತ ಬಿಟ್ಟಿದ್ದೀರಿ ಅಂದ್ಕೊಂಡೆ.’

‘ಬಂದು ಕೇಳಬಾರದಿತ್ತಾ ನೀನು?’

‘ಏನಂತ ಕೇಳಲಿ ಮೇಡಂ? ನನ್ನಲ್ಲಿ ಒಳ್ಳೇದು ಏನೂ ಕಾಣಿಸಲಿಲ್ವಾ ಅಂತಾನಾ?’

ನಾನು ಸೈನ್ ಹಾಕಿ ಐದು ತಿಂಗಳು. ಹೀಗಂದುಕೊಂಡೇ ಅವಳು ದಿನಾ ಲ್ಯಾಬಿಗೆ ಬಂದಿದ್ದಾಳೆ. ದಿನಾ ಊಟ ಆಯ್ತಾ ಅಂತ ಕೇಳಿದ್ದಾಳೆ. ನಾನು ದಿನಾ ಆಯ್ತಮ್ಮ ಅಂದಿದ್ದೀನಿ. ನಾಚಿಕೆಯಿಂದ ನನಗೆ ಅಲ್ಲಿ ಕೂರಲೂ ಆಗಲಿಲ್ಲ, ಏಳಲೂ ಆಗಲಿಲ್ಲ.

ಮುನಿಯಮ್ಮ ಕಾಫಿ ಲೋಟ ಹಿಡಿದು ಬಂದರು. ನಮ್ಮಿಬ್ಬರ ಮುಖ ನೋಡಿ ಏನಾಯ್ತು ಅಂದರು. ಹೇಳಿದೆ. ಇವಳ ಬಗ್ಗೆ ಒಂದು ಕಾಗದದಲ್ಲಿ ಒಳ್ಳೇ ಮಾತು ಬರೆಯಬೇಕಿತ್ತು, ನಾನು ಬರೆಯಲಿಲ್ಲ.

‘ಅಯ್ಯೋ, ನನ್ ಕೇಳಿದ್ರೆ ನಾನೇ ಯೋಳ್ತಿದ್ನಲ್ಲಮ್ಮ’ ಅಂದರು ಮುನಿಯಮ್ಮ. ‘ಒತ್ತು ಉಟ್ಟೋಕ್ ಮುಂಚೆ ಎದ್ದು ಆ ಉಲ್ಲು ನೋಡೋಕ್ ಬಸ್ ಅತ್ತಾಳೆ. ಜ್ವರ ಇದ್ರೂ ಬಿಡಾಕಿಲ್ಲ. ಓದ್ ವರ್ಸ ನಮ್ ಅಸ ಮೇವು ಬಿಡ್ತು. ಡಾಕ್ಟ್ರು ಸೂಜಿ ಚುಚ್ಚಿ ಕೈ ತೊಳ್ಕೊಂಡ್ರು. ಇವ್ಳು ಅದ್ಯಾವ್ದೋ ಉಲ್ಲು ತಂದು, ಎಲ್ಡು ದಿನ ಕೊಟ್ಟಿಗೇಲೇ ಕುಂತು, ಕೈಯಾರೆ ತಿನ್ಸಿದ್ಲು. ಬದುಕ್ತದಾ ಅಂತ ಕೇಳಿದ್ರೆ, ಗೊತ್ತಿಲ್ಲ ಅಜ್ಜಿ, ನೋಡೋಣ ಅಂದ್ಲು. ಗೊತ್ತಿಲ್ದಿದ್ರೆ ಗೊತ್ತಿಲ್ಲ ಅನ್ನೋರು ಈ ಕಾಲ್ದಾಗೆ ಯಾರವ್ರೆ ಯೋಳಿ?’

ಕೊಟ್ಟಿಗೆಯಲ್ಲಿ ಆ ಹಸು ನಿಂತಿತ್ತು. ಮೇಯುತ್ತಿತ್ತು.

ಸಂಶೋಧಕಿಗೆ ಇದಕ್ಕಿಂತ ದೊಡ್ಡ ಸರ್ಟಿಫಿಕೇಟ್ ಯಾವುದಿದೆ? ಗೊತ್ತಿಲ್ಲ, ನೋಡೋಣ. ನಾನು ಇಪ್ಪತ್ತು ವರ್ಷದಿಂದ ಪಾಠ ಮಾಡುತ್ತಿದ್ದೀನಿ, ಕ್ಲಾಸಿನಲ್ಲಿ ಒಮ್ಮೆಯೂ ಈ ಮಾತು ಹೇಳಿಲ್ಲ. ಮುನಿಯಮ್ಮನಿಗೆ ಸೈನ್ ಹಾಕಲು ಬರಲ್ಲ, ರೇಷನ್ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತುತ್ತಾರೆ. ಆದರೆ ತಮ್ಮ ಮನೆಯಲ್ಲಿರುವ ಹುಡುಗಿ ಎಂಥವಳು ಅಂತ ಅವರಿಗೆ ಗೊತ್ತಿತ್ತು. ನನಗೆ ಬರುತ್ತಿದ್ದದ್ದು ಸೈನ್ ಒಂದೇ.

ಹೊರಡುವಾಗ ಆ ಹಾಳೆ ಕೇಳಿದೆ. ಚಿಸೊಮೊ ತನ್ನ ಫೈಲಿನಿಂದ ತೆಗೆದುಕೊಟ್ಟಳು. ಒಂದು ಮಡಿಕೆಯೂ ಬೀಳದ ಹಾಗೆ ಇಟ್ಟುಕೊಂಡಿದ್ದಳು. ‘ಊರಲ್ಲಿ ಏನು ಮಾಡ್ತೀಯಾ?’ ಅಂತ ಕೇಳಿದೆ. ‘ಹಳೇ ಶಾಲೇಲಿ ಜಾಗ ಖಾಲಿ ಇದ್ಯಂತೆ, ಕೇಳ್ಬೇಕು’ ಅಂದಳು. ಹುಲ್ಲು? ಅಂತ ಕೇಳುವ ಧೈರ್ಯ ನನಗೆ ಬರಲಿಲ್ಲ.

ಅಂಕಣದ ಆ ಹಳೇ ತಲೆಬರಹ ಹೊಡೆದುಹಾಕಿದ್ದೀನಿ. ಬೈಯೋಕೆ ಯಾರಾದರೂ ಸಿಕ್ಕಿದ್ದರೆ ಚೆನ್ನಾಗಿತ್ತು, ಸಿಗಲಿಲ್ಲ. ಸಮಿತಿಯವರು ಅವರ ಕೆಲಸ ಮಾಡಿದ್ದಾರೆ. ಕಳಿಸಿದ್ದನ್ನು ಓದಿದ್ದಾರೆ.

ಅಲ್ಲಾಳಸಂದ್ರದ ನಮ್ಮ ಮನೆಯ ಊಟದ ಟೇಬಲ್ ಮೇಲೆ ಈಗ ಆ ಹಾಳೆ ಇದೆ. ಭಾನುವಾರ ಬೆಳಿಗ್ಗೆ ಕೂತು ಆ ನಾಲ್ಕು ಸಾಲು ತುಂಬಿದೆ. ಬಸ್ಸು, ಜ್ವರ, ಹಸು, ಯಾರೂ ಕಾಣದ ತಪ್ಪನ್ನು ತಾನೇ ಕಂಡುಹಿಡಿದು ಒಪ್ಪಿಕೊಂಡಿದ್ದು, ಗೊತ್ತಿಲ್ಲ ಅಂದಿದ್ದು. ನಾಲ್ಕು ಸಾಲು ಸಾಲದೆ ಹಾಳೆಯ ಹಿಂಬದಿಗೂ ಹೋದೆ. ಅದೂ ತುಂಬಿತು. ಬರೆದದ್ದನ್ನು ಮೂರು ಸಲ ಓದಿದೆ, ಆಮೇಲೆ ಸೈನ್ ಹಾಕಿದೆ.

ಈಗ ಹೇಳಿ, ಇದನ್ನ ಯಾರಿಗೆ ಕಳಿಸಲಿ?